ಹೊಸ ಕುಲಾವಿ ಹಳೆಯದಾದ ಬಗೆ

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಉಪದೇಶ ಮಾಡುವವರು, ಅದನ್ನು ಸಹಿಸಿಕೊಳ್ಳುವ ಮನೆಯವರೂ ಇರಬೇಕು ಎಂಬುದನ್ನು ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಆಫೀಸಿನವರೊಬ್ಬರು ಹಾರ್ಮೋನಿಯಂ ಕಲಿಯಲು ಹೊರಟು ಬಾಡಿಗೆ ಮನೆಯನ್ನೇ ಖಾಲಿ ಮಾಡಬೇಕಾಯಿತು. ಅದನ್ನು ಕಂಡು ನಾನು ಗದ್ದಲವಿಲ್ಲದ ಹವ್ಯಾಸವನ್ನೇ ಆರಿಸಿಕೊಂಡೆ. ಉಲ್ಲನ್ ಹೆಣೆಯುವುದು. ಹೌದು ಸ್ವಾಮಿ, ನಾನು ಐವತ್ತು ದಾಟಿದ, ತಲೆ ಪೂರ್ತಿ ಬೋಳಾದ, ಮೊಳಕಾಲ್ಮೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿರುವ ಗಂಡಸು. ನಗುವವರು ಈಗಲೇ ನಕ್ಕುಬಿಡಿ, ನಾನು ಕಾಯುತ್ತೇನೆ.

ಮನೆ ಇರುವುದು ಚಳ್ಳಕೆರೆಯಲ್ಲಿ, ಕೆಲಸ ಮೊಳಕಾಲ್ಮೂರಿನಲ್ಲಿ. ದಿನಾ ಬಸ್ಸಿನಲ್ಲಿ ಮೊಬೈಲು ನೋಡಿ ನೋಡಿ ಕತ್ತು ಹಿಡಿದುಕೊಂಡಾಗ ನಮ್ಮ ನಾದಿನಿ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೈಗೆ ಕೊಟ್ಟು ಹೆಣೆಯುವುದನ್ನು ಕಲಿಸಿದಳು. ಮೊದಲ ದಿನ ಬಸ್ಸಿನಲ್ಲಿ ಮೊಳಕಾಲ್ಮೂರು ಕಡೆಯವರು ತೆಲುಗಿನಲ್ಲಿ ನಕ್ಕರು, ಚಳ್ಳಕೆರೆಯವರು ಕನ್ನಡದಲ್ಲಿ. ಬಿ.ಜಿ. ಕೆರೆಯಲ್ಲಿ ಹತ್ತಿದ ಹಿರಿಯರೊಬ್ಬರು ನನ್ನ ಪರ ನಿಂತರು. "ಯಾಕ್ ನಗ್ತೀರ್ಲೇ? ನಮ್ಮಜ್ಜ ಕುರಿ ಹಿಂದೆ ನಡೀತಾ ನಡೀತಾನೇ ಉಣ್ಣೆ ನೂಲ್ತಿದ್ದ. ಅವ್ನೇನು ಗಂಡ್ಸಲ್ವಾ?" ಹಿಂದಿನ ಸೀಟಿನಿಂದ ಯಾರೋ ಕೇಳಿದರು, "ನೂಲ್ತಿದ್ದ ಬಿಡು ಯಜ್ಮಾನ, ಹಿಂಗೆ ಗುಲಾಬಿ ಬಣ್ಣದ್ದು ನೂಲ್ತಿದ್ನಾ?" ಹಿರಿಯರು ನನ್ನ ಉಂಡೆಯನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು.

ನಮ್ಮೂರಿನ ಬಿಸಿಲು ಗೊತ್ತಲ್ಲ, ಚಳಿಗಾಲ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಅಂಥ ಊರಿನಲ್ಲಿ ನಾನು ಮಫ್ಲರು, ಸ್ವೆಟರು, ಕಾಲುಚೀಲ ಹೆಣೆದೇ ಹೆಣೆದೆ. ನೆಂಟರು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದರು. ಕೊನೆಗೆ ನನ್ನ ಹೆಂಡತಿ ಗಿರಿಜ ಕೈಮುಗಿದಳು. ಅವಳು ಪ್ರೈಮರಿ ಶಾಲೆಯ ಟೀಚರು. "ಏನ್ರೀ, ನಮ್ಮನೇಲಿ ಸ್ವೆಟರ್ ಹಾಕಿಸ್ಕೊಳ್ದೆ ಉಳಿದಿರೋದು ಗ್ಯಾಸ್ ಸಿಲಿಂಡ್ರು ಒಂದೇ. ಯಾರಿಗಾದ್ರೂ ಉಪಕಾರ ಆಗೋದು ಮಾಡ್ರಿ, ಪುಣ್ಯ ಬರ್ತೈತೆ." ಪಕ್ಕದ ಮನೆಯಲ್ಲಿ ಆಸ್ಪತ್ರೆಯ ಸಿಸ್ಟರ್ ಒಬ್ಬರಿದ್ದಾರೆ. ಅವರು ದಾರಿ ತೋರಿಸಿದರು. "ತೂಕ ಕಮ್ಮಿ ಇರೋ ಕೂಸುಗಳಿಗೆ ಕುಲಾವಿ ಹೆಣೆದುಕೊಡಿ ಸಾರ್. ತಲೆ ಬೆಚ್ಚಗಿದ್ರೆ ಅರ್ಧ ಗೆದ್ದಂಗೆ." ಹೀಗೆ ನನ್ನ ಹವ್ಯಾಸ ಸಮಾಜಸೇವೆಗೆ ಬಡ್ತಿ ಪಡೆಯಿತು. ಮೊದಲಿನವನ್ನು ತೆಂಗಿನಕಾಯಿಯ ಅಳತೆಗೆ ಹೆಣೆದಿದ್ದೆ. ಸಿಸ್ಟರ್ ಎಳೆದು ನೋಡಿ, "ಇದು ಕೂಸಿಗಲ್ಲ ಸಾರ್, ಕೂಸಿನಣ್ಣನಿಗಾದೀತು" ಅಂದರು. ಬೇಲದ ಹಣ್ಣಿನ ಅಳತೆಗೆ ಇಳಿದ ಮೇಲೆ ಸರಿಹೋಯಿತು.

ಧನುರ್ಮಾಸದ ಒಂದು ಭಾನುವಾರ ಕುಲಾವಿಗಳ ನನ್ನ ಮೊದಲ ಚೀಲವನ್ನು ಹೊತ್ತು ಆಸ್ಪತ್ರೆಯ ಬಾಣಂತಿಯರ ವಾರ್ಡಿಗೆ ಹೋದೆ. ಅಲ್ಲಿ ಪಕ್ಕದ ಹಳ್ಳಿ ನನ್ನಿವಾಳದ ಓಬಜ್ಜಿ ಎಂಬಾಕೆಯ ಮಗಳಿಗೆ ಹೆಣ್ಣುಕೂಸು ಹುಟ್ಟಿತ್ತು, ದಿನ ತುಂಬುವ ಮೊದಲೇ. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಕುಂಯ್ ಎನ್ನುತ್ತಿತ್ತು. ಓಬಜ್ಜಿ ಕೂಸಿನ ತಲೆಗೆ ಹಳೇ ಸೀರೆಯ ತುಂಡು ಸುತ್ತುತ್ತಿದ್ದಳು, ಅದು ಜಾರುತ್ತಿತ್ತು, ಮತ್ತೆ ಸುತ್ತುತ್ತಿದ್ದಳು. ಸಿಸ್ಟರ್ ಮೈ ಮುಟ್ಟಿ ನೋಡಿ, "ಅಜ್ಜಿ, ಹಿಂಗೇ ತಣ್ಣಗಾಗ್ತಿದ್ರೆ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತೆ" ಅಂದರು. ಅಜ್ಜಿಯ ಕಣ್ಣು ತುಂಬಿಕೊಂಡಿತು. ಇದ್ದುದರಲ್ಲಿ ಚಂದದ ಕುಲಾವಿ ಆರಿಸಿ ಮುಂದೆ ಹಿಡಿದೆ.

"ಬ್ಯಾಡ ಸಾಮಿ," ಎಂದಳು ಓಬಜ್ಜಿ. "ಪುರುಡು ಕಳ್ದು ತೊಟ್ಲಿಗೆ ಹಾಕೋಗಂಟ ಕೂಸಿಗೆ ಹೊಸದು ಹಾಕಂಗಿಲ್ಲ. ಯಾರಾನ ಹಾಕ್ಕೊಂಡು ಬಿಟ್ಟಿದ್ದಾಗ್ಬೇಕು."

ಆ ಪದ್ಧತಿ ನನಗೂ ಗೊತ್ತಿತ್ತು. ನಮ್ಮವ್ವ ನನ್ನನ್ನು ಸುತ್ತಿದ್ದೂ ನಮ್ಮಜ್ಜನ ಹಳೇ ಪಂಚೆಯಲ್ಲೇ. ಹಳೆಯದು ತಾನೆ ಬೇಕು ಎಂದುಕೊಂಡು ಆ ಕುಲಾವಿಯನ್ನು ನನ್ನ ತಲೆಯ ಮೇಲೇ ಇಟ್ಟುಕೊಂಡೆ. ಬದನೆಕಾಯಿಯ ತೊಟ್ಟಿನ ಹಾಗೆ ನೆತ್ತಿಯ ಮೇಲೆ ಕೂತಿತು. ವಾರ್ಡಿಗೆ ವಾರ್ಡೇ ನಕ್ಕಿತು, ಬಾಣಂತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಓಬಜ್ಜಿ ಮಾತ್ರ ನಗಲಿಲ್ಲ. "ಯಾರ್ದು ಹಾಕಿದ್ರೆ ಅವರ ಗುಣ ಬರ್ತೈತೆ ಸಾಮಿ. ಇದು ಹೆಣ್ಣುಕೂಸು. ತಪ್ಪು ತಿಳ್ಕಾಬ್ಯಾಡ್ರಿ, ನಿಮ್ಮ ತಲೇದು..." ಎಂದು ನನ್ನ ನೆತ್ತಿಯನ್ನೇ ನೋಡುತ್ತ ಅಲ್ಲಿಗೇ ನಿಲ್ಲಿಸಿದಳು. ದೊಡ್ಡ ಮನಸ್ಸು ಅವಳದು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಗಿರಿಜ. ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಆಳುವವಳ ದನಿಗೆ ಸ್ಪೀಕರ್ ಯಾಕೆ ಬೇಕು? "ಎಲ್ಲಿದ್ದೀರ್ರೀ? ಮುದ್ದೆ ಆರಿ ಕಲ್ಲಾಗ್ತಾ ಐತೆ!" ಆಚೆ ಕೊನೆಯ ಮಂಚದವರೂ ತಿರುಗಿ ನೋಡಿದರು. ಓಬಜ್ಜಿಯ ಮುಖ ಅರಳಿತು.

"ಯಾರು ಸಾಮಿ ಅದು?"

"ನಮ್ಮನೆಯವರು ಅಜ್ಜಿ."

"ಕೂದ್ಲು ಐತಾ?"

"ಸೊಂಟದ ತನಕ ಜಡೆ ಐತೆ."

"ಕರೀರಿ ಆ ತಾಯೀನ. ಆ ದನಿ ಬೇಕು ನಮ್ ಕೂಸಿಗೆ."

ಬಂದವಳು ಇದೇನು ಹುಚ್ಚಾಟ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ. ಗಿರಿಜ ಕೂಸನ್ನು ನೋಡಿದಳು. ಜಡೆಯನ್ನು ಸುತ್ತಿ ತುರುಬು ಕಟ್ಟಿದಳು. ಅದರ ಮೇಲೆ ಚೀಲದಲ್ಲಿದ್ದ ಬೇಲದ ಹಣ್ಣಿನ ಅಳತೆಯ ಇನ್ನೊಂದು ಕುಲಾವಿಯನ್ನು ಸಿಕ್ಕಿಸಿಕೊಂಡು, ಚೆನ್ನಾಗಿ ಹಳೆಯದಾಗಲಿ ಎಂದು ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಆ ಹೊತ್ತಿನಲ್ಲಿ ಅವಳ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೇಳಿದರೆ ಅವಳೇ ನಂಬಲಿಕ್ಕಿಲ್ಲ. ಸಿಸ್ಟರ್ ಆ ಕುಲಾವಿಯನ್ನು ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಕೂಸಿನ ತಲೆಗೆ ಹಾಕಿದರು. ಜಾರಲಿಲ್ಲ. ಸಂಜೆ ಓಬಜ್ಜಿ ಅಂಗಾಲು ಮುಟ್ಟಿ ನೋಡಿ, "ಬೆಚ್ಚಗಾತು ಕಣವ್ವ" ಅಂದಳು. ದುರ್ಗಕ್ಕೆ ಹೋಗುವ ಮಾತು ಮತ್ತೆ ಬರಲಿಲ್ಲ. ತಾಯಿ ಎದೆಗೆ ಅಪ್ಪಿಕೊಂಡದ್ದು, ಸಿಸ್ಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡದ್ದು ಎಲ್ಲ ಸೇರಿ ಕೂಸು ಉಳಿಯಿತು. ಎಲ್ಲ ಕುಲಾವಿಯಿಂದಲೇ ಎಂದು ಓಬಜ್ಜಿ ಊರಲ್ಲೆಲ್ಲ ಹೇಳುತ್ತಾಳೆ, ನಾನೇನೂ ತಡೆಯಲು ಹೋಗಿಲ್ಲ.

ಅಂದಿನಿಂದ ನಾನು ಹೆಣೆದ ಪ್ರತಿ ಕುಲಾವಿಯೂ ಗಿರಿಜಳ ತಲೆಯ ಮೇಲಿಂದ ಇಳಿದೇ ಆಸ್ಪತ್ರೆಗೆ ಹೋಗಬೇಕು. ಶನಿವಾರ ಅವಳು ಮಕ್ಕಳ ಕಾಪಿ ತಿದ್ದುವಾಗ ಒಂದಾದ ಮೇಲೊಂದು ಹಾಕಿಕೊಂಡು ಕೂರುತ್ತಾಳೆ. ವಾರ್ಡಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಇದು ಟೀಚರಮ್ಮ ಹಾಕಿದ್ದಾ?" ಹೆಣೆದವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನನ್ನಿವಾಳಕ್ಕೆ ಕರೆ ಬಂತು, ಹೋದೆವು. ಬೀದಿಯ ತಿರುವಿನಲ್ಲೇ ಅಳು ಕೇಳಿಸಿತು. ಬೆಕ್ಕಿನ ಮರಿಯ ಕುಂಯ್ ಅಲ್ಲ, ಓಣಿಯ ನಾಯಿಗಳು ಎದ್ದು ನಿಲ್ಲುವಂಥ ಅಳು. ಓಬಜ್ಜಿ ಬಾಗಿಲಲ್ಲೇ ನಿಂತು, "ಕೇಳ್ರವ್ವ, ನಿಮ್ದೇ ದನಿ!" ಎಂದು ಗಿರಿಜಳ ಕೆನ್ನೆ ಸವರಿ ನೆಟಿಗೆ ಮುರಿದಳು. ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓಬಜ್ಜಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟು, "ನೀವ್ ಸಮಾಧಾನ ಮಾಡ್ರಿ ಸಾಮಿ, ಈ ದನಿ ನಿಮ್ಗೆ ಅಭ್ಯಾಸ ಐತಲ್ಲ" ಅಂದಳು. ನಾನು ಇಷ್ಟು ವರ್ಷ ಮಾಡುತ್ತ ಬಂದದ್ದನ್ನೇ ಮಾಡಿದೆ. ತಲೆ ತಗ್ಗಿಸಿ, "ಆಯ್ತಮ್ಮ, ಆಯ್ತು, ನೀ ಹೇಳ್ದಂಗೇ ಆಗ್ಲಿ" ಅಂದೆ. ಕೂಸು ಬಾಯಿ ಮುಚ್ಚಿ ಒಂದು ಗಳಿಗೆ ನನ್ನನ್ನೇ ನೋಡಿತು. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿತು.