ತೆಂಗಿನಕಾಯಿ ಎಸೆದೋರು ಯಾರು?

ಎಲ್ಲಾ ಶುರುವಾಗಿದ್ದು ಒಂದು ತೆಂಗಿನಕಾಯಿಯಿಂದ. ಪೆನಿಯಾಮಿನಾನ ಬೋಳುತಲೆ ಮೇಲೆ ಅದು ಬಿದ್ದ ಸದ್ದು ಪಕ್ಕದ ದ್ವೀಪಕ್ಕೂ ಕೇಳಿಸ್ತು ಅಂತಾರೆ. ನಾನು ಅಷ್ಟೆಲ್ಲ ಹೇಳಲ್ಲ. ಆದ್ರೆ ನಮ್ಮ ಚರ್ಚಿನ ಗಂಟೆ ಹೊಡೆಯೋನು, ಯಾರೋ ತನ್ನ ಕೆಲಸ ಕಿತ್ಕೊಂಡ್ರು ಅಂತ ಓಡಿಬಂದಿದ್ದಂತೂ ನಿಜ.

ಎಸೆದೋನು ಪಕ್ಕದ ಮನೆ ಫಾಲಾನಿಕೊ ಅಂತ ಪೊಲೀಸ್ ಕೇಸಾಯ್ತು. ಅವನ ಹಂದಿ ಪೆನಿಯಾಮಿನಾನ ಕೆಸುವಿನ ತೋಟಕ್ಕೆ ನುಗ್ಗಿ, ಇಬ್ಬರಿಗೂ ಜಗಳ ಆಗಿತ್ತು.

ಫಾಲಾನಿಕೊನ ಅಕ್ಕನ ಮಗ, ಅದೇ ಮನೇಲಿ ಬೆಳೆದೋನು ನಮ್ಮ ಅವುಕುಸೊ. ಲಾ ಕಾಲೇಜು ಮುಗಿಸ್ಕೊಂಡು ಬಂದು, ಹೋದ ವಾರ ತಾನೇ ರಾಜಧಾನಿ ಆಪಿಯಾದಲ್ಲಿ ವಕೀಲನಾಗಿ ಪ್ರಮಾಣ ಮಾಡಿದ್ದ. ಮೇಲೆ ಕರಿ ಕೋಟು, ಕೆಳಗೆ ಬೂದು ಲುಂಗಿ, ಮುಖ ನೋಡಿದ್ರೆ ಆಗಷ್ಟೇ ಕೂಗೋಕೆ ಕಲಿತ ಹುಂಜ. ಇದೇ ಮೊದಲ ಕೇಸು. ಸೋತರೆ ಊರಲ್ಲಿ ಯಾರೂ ಅವನ ಮನೆ ಮೆಟ್ಟಿಲು ಹತ್ತಲ್ಲ.

ಕೋರ್ಟಿನ ದಿನ ಬೆಳಿಗ್ಗೆ ಇಡೀ ಬೀದಿಯೇ ಬಂದು ಬುದ್ಧಿ ಹೇಳ್ತು. ಮಾವನ ಮೇಲೆ ಮದುವೆ ಚಾಪೆ ಹೊದಿಸಿ ಪೆನಿಯಾಮಿನಾನ ಅಂಗಳದಲ್ಲಿ ಮಂಡಿಯೂರಿಸು, ಅವನು ಬಂದು ಚಾಪೆ ಎತ್ತಿದ್ರೆ ಕ್ಷಮಿಸಿದ ಹಾಗೆ, ಅಲ್ಲಿಗೆ ಮುಗೀತು ಅಂತ. ಅವನಮ್ಮ ಫುವಾತಿನೊ ಚಾಪೆ ಒದರಿ ಬಿಸಿಲಿಗೆ ಹಾಕಿಯೂ ಆಗಿತ್ತು.

"ಮಡಚಿಡಮ್ಮ ಅದನ್ನ," ಅಂದ ಅವುಕುಸೊ. "ನಾನು ಓದಿದ್ದು ಮಂಡಿಯೂರೋಕಲ್ಲ. ಇನ್ಮೇಲೆ ನಮ್ಮ ಮನೇಲಿ ಯಾರೂ ಬಗ್ಗಲ್ಲ."

ಕೋರ್ಟಿಗೆ ಹೋಗೋ ಬಸ್ಸಲ್ಲಿ ಮಾವ ಅವನ ಕಿವಿ ಹತ್ರ ಬಂದ. "ಎಸೆದಿದ್ದು ನಾನೇ ಕಣೋ. ಗುರಿ ಹೆಂಗಿತ್ತು?"

ಅವುಕುಸೊ ಹಿಂದೆ ಮುಂದೆ ನೋಡಿದ. "ಮೆಲ್ಲಗೆ, ಮಾವ. ನೀನು ಹೇಳಿದ್ದು ನನ್ನ ಹೊಟ್ಟೇಲೇ ಇರಬೇಕು. ವಕೀಲ ಆದೋನು ಅದನ್ನ ಯಾರಿಗೂ ಹೇಳೋ ಹಾಗಿಲ್ಲ."

"ನಿಮ್ಮಮ್ಮಂಗೂ?"

"ಪಾದ್ರಿಗೂ."

ಮಾವನ ಮುಖ ಅರಳ್ತು. ದಾರಿಯುದ್ದಕ್ಕೂ ಹಾಡು ಹೇಳ್ಕೊಂಡೇ ಬಂದ.

ಕೋರ್ಟಲ್ಲಿ ಅವುಕುಸೊ ಎದ್ದು ನಿಂತ. ಎಸೆದಿದ್ದನ್ನ ನೋಡಿದ್ರಾ ಅಂತ ಕೇಳಿದ್ದಕ್ಕೆ, ತನಗೆ ತಲೆ ಹಿಂದೆ ಕಣ್ಣಿಲ್ಲ ಅಂದ ಪೆನಿಯಾಮಿನಾ.

"ನೀವು ನಿಂತ ಜಾಗದ ಮೇಲೆ ತೆಂಗಿನಮರ ಬಾಗಿದೆ ತಾನೆ?"

"ಬಾಗಿದೆ."

"ಮರದಿಂದ ಕಾಯಿ ಬೀಳುತ್ತೆ ತಾನೆ?"

ಮದುವೆ, ಸಾವು, ಯಾವುದೇ ಆಗಲಿ ಅರ್ಧ ದಿನ ಭಾಷಣ ಬಿಗಿಯೋ ಪೆನಿಯಾಮಿನಾ, ಬೀಳುತ್ತೆ ಅಂತ ಒಂದೇ ಮಾತಲ್ಲಿ ಒಪ್ಕೊಂಡು ಕೂತ. ಎಸೆದಿದ್ದಕ್ಕೆ ಸಾಕ್ಷಿ ಇಲ್ಲ ಅಂತ ಜಡ್ಜು ಮಾವನ್ನ ಬಿಟ್ಟುಬಿಟ್ರು.

ಸಂಜೆ ಅವುಕುಸೊ ಊರಿಗೆ ಬಂದಿಳಿದಾಗ ಎದೆ ಉಬ್ಬಿ ಕೋಟಿನ ಗುಂಡಿ ಕಿತ್ತು ಬರೋ ಹಾಗಿತ್ತು. ಊರಿನ ಹಿರಿಯರು ಆಗಲೇ ಸಭೆ ಮನೇಲಿ ಕಂಬಕ್ಕೊರಗಿ ಕೂತಿದ್ರು, ಅವನಿಗೂ ಮಾವಂಗೂ ಹೇಳಿಕಳಿಸಿದ್ರು. ನಡುವೆ ಕೂತ ಅಜ್ಜ ನಿಧಾನಕ್ಕೆ ಶುರು ಮಾಡಿದ.

"ಕೋರ್ಟಿನ ಮಾತು ನಾವು ಮೀರಲ್ಲ. ಫಾಲಾನಿಕೊ ಎಸೆದಿಲ್ಲ, ಕಾಯಿ ಮರದಿಂದ ಬಿದ್ದಿದೆ. ಆದ್ರೆ ಮನೆತನದ ಪಟ್ಟ ಹೊತ್ತ ಯಜಮಾನನ ತಲೆ ಒಡೆದಿದೆ, ಯಾರಾದ್ರೂ ಮಂಡಿಯೂರಲೇಬೇಕು. ಆ ಮರ ಯಾರದು?"

ಮಾವ ಸೂರು ನೋಡ್ತಾ ಕೂತ. ಹೊರಗಿದ್ದ ಫುವಾತಿನೊಗೆ ಮಾತ್ರ ತಡೀಲಿಲ್ಲ.

"ನನ್ನ ಮಗಂದು. ಹುಟ್ಟಿದಾಗ ಅವನ ಹೊಕ್ಕುಳಬಳ್ಳಿ ಹೂತು ಅದರ ಮೇಲೇ ನೆಟ್ಟಿದ್ದು. ಅವನ ಹಾಗೇ ಎತ್ತರ."

ಅವುಕುಸೊ ದಡಕ್ಕನೆ ಎದ್ದ. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಗಂಟಲ ತನಕ ಬಂತು, ವಕೀಲನ ಪ್ರಮಾಣ ಅದನ್ನ ಮತ್ತೆ ಹೊಟ್ಟೆಗೆ ತಳ್ತು. ಇದು ಅನ್ಯಾಯ, ನಾನು ವಾದ ಮಾಡ್ಬೇಕು ಅಂದ.

"ಕೂತ್ಕೋ ಮಗಾ," ಅಂದ ಅಜ್ಜ. "ಪಟ್ಟ ಇಲ್ಲದೋರು ಇಲ್ಲಿ ಬಾಯಿ ಬಿಡೋ ಹಾಗಿಲ್ಲ. ನಿಮ್ಮ ಮನೆ ಪರ ಮಾತಾಡೋ ಪಟ್ಟ ನಿಮ್ಮ ಮಾವಂದು."

ಫಾಲಾನಿಕೊ ಗಂಟಲು ಸರಿ ಮಾಡ್ಕೊಂಡ. "ತಪ್ಪಾಗಿದೆ ಹಿರಿಯರೇ," ಅಂದ ಭಾರವಾದ ದನೀಲಿ. "ನಮ್ಮ ಹುಡುಗ ಮಂಡಿಯೂರ್ತಾನೆ."

ಕತ್ತಲಾಗೋದ್ರೊಳಗೆ ಅವುಕುಸೊ ಕೋಟಿನ ಸಮೇತ ಪೆನಿಯಾಮಿನಾನ ಅಂಗಳದಲ್ಲಿದ್ದ. ಮಂಡಿಯೂರಿದ್ರೂ ಬೆನ್ನು ಬಗ್ಗಿಸಿರಲಿಲ್ಲ, ಚಾಪೆ ಡೇರೆ ಹಾಗೆ ನೆಟ್ಟಗೆ ನಿಂತಿತ್ತು. ಒಳಗೆ ಪೆನಿಯಾಮಿನಾ ಆರಾಮಾಗಿ ಎರಡನೇ ಸಲ ಊಟ ಬಡಿಸ್ಕೋತಿದ್ದ.

ಮಾವ ಬಂದು ಚಾಪೆಯ ಅಂಚು ಸರಿ ಮಾಡಿ, ಬಗ್ಗಿ ಪಿಸುಗುಟ್ಟಿದ. "ನಿನ್ನ ಪರ ಚೆನ್ನಾಗಿ ಮಾತಾಡಿದ್ನೇನೋ?"

"ನಾನು ಬಿಡಲ್ಲ," ಅಂತು ಚಾಪೆ. "ಹಿರಿಯರ ಮುಂದೇನೇ ಅಪೀಲು ಹಾಕ್ತೀನಿ."

"ಹಾಕಪ್ಪ," ಅಂದ ಮಾವ. "ಅಲ್ಲೂ ನಿನ್ನ ವಕೀಲ ನಾನೇ."