ಬಣ್ಣದ ಕಾರ್ಖಾನೆಯ ಐದನೇ ಅಭ್ಯರ್ಥಿ

ಬಣ್ಣದ ಕಾರ್ಖಾನೆಯೊಂದಕ್ಕೆ ಮೂವತ್ತು ವರ್ಷ ಕೆಲಸಕ್ಕೆ ಜನರನ್ನು ಆರಿಸಿ ಆರಿಸಿ ನಿವೃತ್ತರಾದ ಸಾಹೇಬರಿಗೆ ಇದ್ದದ್ದು ಒಂದೇ ಕೊರಗು. ಊರವರ ಮಕ್ಕಳೆಲ್ಲ ಕೈಕಟ್ಟಿ ಕೇಳುತ್ತಿದ್ದ ಅವರ ಮಾತನ್ನು ಸ್ವಂತ ಮಗಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ರಸಾಯನಶಾಸ್ತ್ರದ ಪದವಿ ಹಿಡಿದು ಹೋದವಳು ಎರಡು ಸಂದರ್ಶನಗಳಿಂದಲೂ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದಳು. ಮೂರನೆಯದು ಗುರುವಾರ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಹಾಗಾಗಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಊಟದ ಮೇಜಿನ ಮುಂದೆ ಘನ ಆಯ್ಕೆ ಸಮಿತಿ (ಅಂದರೆ ಅವರೊಬ್ಬರೇ) ವಿರಾಜಮಾನವಾಯಿತು. ಮೇಜಿನ ಇನ್ನೊಂದು ತುದಿಯಲ್ಲಿ ಹೆಂಡತಿ ಬೀನ್ಸ್ ನಾರು ತೆಗೆಯುತ್ತಿದ್ದರು.

"ಮೊದಲು ಬಾಗಿಲು ತಟ್ಟು."

"ಅಪ್ಪಾ, ಅಡುಗೆಮನೆಗೆ ಬಾಗಿಲೇ ಇಲ್ಲ."

"ಇದೆ ಅಂದ್ಕೋ!"

ಮಗಳು ಫ್ರಿಜ್ ತಟ್ಟಿ ಒಳಗೆ ಬಂದಳು. ಸಾಹೇಬರು ಅವಳ ಅರ್ಜಿ ಎತ್ತಿಕೊಂಡರು.

"ಶ್ರಮಜೀವಿ, ಉತ್ಸಾಹಿ, ಸದಾ ಹಸನ್ಮುಖಿ... ಇದೇನು ಅರ್ಜಿನೋ, ಸೋಪಿನ ಜಾಹೀರಾತೋ? ನಾನು ದಿನಕ್ಕೆ ನೂರು ಅರ್ಜಿ ನೋಡ್ತಿದ್ದೆ, ಒಂದಕ್ಕೆ ಅರ್ಧ ನಿಮಿಷ. ಹೊಗಳಿಕೆ ಹೊಡೆದುಹಾಕು. ಏನು ಮಾಡಿದ್ದೀಯೋ ಅದನ್ನ ಬರಿ."

ಸಲಹೆಯೇನೋ ಒಳ್ಳೆಯದೇ. ಅಲ್ಲಿಗೇ ನಿಲ್ಲಿಸಿದ್ದರೆ ಅವರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ, "ಎಲ್ಲಕ್ಕಿಂತ ಮುಖ್ಯ ಕೈಕುಲುಕೋದು. ನನಗೆ ಕೆಲಸ ಸಿಕ್ಕಿದ್ದೇ ಅದರಿಂದ" ಎಂದು ಕಣ್ಣು ಅರೆಮುಚ್ಚಿದರು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮತ್ತೆ ಆ ಹಳೇ ಕಥೆ ಶುರುವಾಯಿತು.

ಟರ್ಪೆಂಟೈನ್ ವಾಸನೆಯ ಉದ್ದನೆಯ ಓಣಿ. ಬೆಂಚಿನ ಮೇಲೆ ಎಂಟು ಜನ, ಐದನೆಯವರು ತಾವು. ಕಾಲಲ್ಲಿ ಗೆಳೆಯನ ಬೂಟು, ಅದೂ ಒಂದು ಸೈಜ್ ಚಿಕ್ಕದು. ಎದುರಿಗೆ ಟಕಟಕ ಟೈಪ್‌ರೈಟರ್. ಅದರ ಹಿಂದೆ ಎರಡು ಜಡೆಯ ಹುಡುಗಿ (ಎರಡು ವರ್ಷದ ಮೇಲೆ ಅವರನ್ನೇ ಮದುವೆಯಾಗಿ, ಈಗ ಬೀನ್ಸ್ ಬಿಡಿಸುತ್ತಿರುವಾಕೆ).

"ಮ್ಯಾನೇಜರ್ ಕೈ ಚಾಚಿದ್ರು. ನನ್ನ ಹಿಡಿತಕ್ಕೆ ಬೆರಗಾಗಿ ತಮ್ಮ ಅಂಗೈನೇ ನೋಡ್ಕೊಂಡ್ರು!"

ಹೆಂಡತಿ ನಕ್ಕ ರಭಸಕ್ಕೆ ಬೀನ್ಸ್ ನೆಲಕ್ಕೆ ಚೆಲ್ಲಿತು.

"ನೋಡ್ಕೊಂಡಿದ್ದು ಮಸಿ ಹತ್ತಿತಲ್ಲ ಅಂತ ಕಣ್ರೀ!"

"ಮಸಿನಾ?"

"ನನ್ನ ಟೈಪ್‌ರೈಟರ್ ರಿಬ್ಬನ್ ಸಿಕ್ಕಾಗಿತ್ತು. ಎಂಟು ಜನರಲ್ಲಿ ನೀವೊಬ್ಬರೇ ಎದ್ದು ಬಂದು ಬಿಡಿಸಿಕೊಟ್ರಿ. ಕೈ ತೊಳೆಯೋಕೂ ಬಿಡದೆ ಒಳಗೆ ಕರೆದ್ರು. ಆಮೇಲೆ ಮ್ಯಾನೇಜರ್ ಕರೀ ಅಂಗೈ ಹಿಡ್ಕೊಂಡು ಬಂದು, 'ಯಾರಮ್ಮಾ ಆ ಐದನೆಯವನು?' ಅಂದ್ರು. ನಡೆದದ್ದು ಹೇಳಿದೆ. 'ಹಾಗಾದ್ರೆ ಅವನೇ ಇರಲಿ. ಉತ್ತರವಂತೂ ಒಂದೂ ಸರಿ ಹೇಳಲಿಲ್ಲ' ಅಂದ್ರು."

ಘನ ಸಮಿತಿಯ ಕನ್ನಡಕ ಮೂಗಿನ ತುದಿಗೆ ಜಾರಿತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ನಿಮ್ಮ ಪ್ರಶ್ನೆಗಳೆಲ್ಲ ಹೊರಗಿನವರಿಗೇ ಆಗೋಗ್ತಿದ್ವು." ಆಮೇಲೆ ದನಿ ತಗ್ಗಿಸಿ, "ಬಿಳೀ ಅಂಗಿಯ ತೋಳಿಗೂ ಮಸಿ ಮೆತ್ತಿಕೊಂಡಿತ್ತು. ಪಾಪ, ಇರೋದು ಅದೊಂದೇ ಅಂಗಿಯೇನೋ ಅಂತ ವಾರವೆಲ್ಲ ನನಗೆ ಸಂಕಟ" ಎಂದರು.

ಇದ್ದದ್ದು ಅದೊಂದೇ ಅಂಗಿ. ಸಾಹೇಬರು ಅದನ್ನು ಯಾರಿಗೂ ಹೇಳಿರಲಿಲ್ಲ. ಬಗ್ಗಿ ನೆಲದ ಮೇಲಿನ ಬೀನ್ಸ್ ಆರಿಸತೊಡಗಿದರು.

ಮಗಳು ತನ್ನ ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿದಳು. "ಅಮ್ಮಾ, ನೀನೇ ಕೇಳು."

"ನನಗೇನು ಬರುತ್ತೆ? ಸರಿ, ಕಾಲೇಜಲ್ಲಿ ದಿನವಿಡೀ ಏನು ಮಾಡ್ತಿದ್ದೆ? ನನಗೆ ತಿಳಿಯೋ ಹಾಗೆ ಹೇಳು."

ಅಷ್ಟು ಹೊತ್ತೂ ಗಿಳಿಪಾಠ ಒಪ್ಪಿಸಲು ಸಿದ್ಧಳಾಗಿ ಕೂತಿದ್ದವಳು ಬಾಯಿಬಿಟ್ಟಳು. ಹನ್ನೆರಡು ಬೀದಿಗಳ ನಲ್ಲಿ ನೀರನ್ನು ಬಾಟಲಿಗಳಲ್ಲಿ ಹಿಡಿದದ್ದು, ಬಾಟಲಿಗೆ ಅಂಟಿಸಿದ ಚೀಟಿ ಅದಲುಬದಲಾದದ್ದು, ಯಾರೂ ಗಮನಿಸದಿದ್ದರೂ ತಾನೇ ಒಪ್ಪಿಕೊಂಡು ಎಲ್ಲವನ್ನೂ ಮತ್ತೆ ಪರೀಕ್ಷಿಸಿದ್ದು. ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. ಸಾಹೇಬರು ಎರಡು ಸಲ ಬಾಯಿ ಹಾಕಲು ಹೋದರು. ಎರಡು ಸಲವೂ ಹೆಂಡತಿ ಒಂದು ಬೀನ್ಸ್ ಎತ್ತಿ ಹಿಡಿದು ತಡೆದರು.

ಗುರುವಾರ ಅವಳು ಅದನ್ನೇ ಹೇಳಿದಳು. ಕೆಲಸ ಸಿಕ್ಕಿತು.

ಮುಂದಿನ ಭಾನುವಾರ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮಗಳ ಸಹಪಾಠಿಗಳು ಮೂವರು, ಕೈಯಲ್ಲಿ ಫೈಲು. ಸಾಹೇಬರು ಕಾಲರ್ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಬನ್ನಿ ಬನ್ನಿ. ಅರ್ಜಿ ತಂದಿದ್ದೀರಾ?" ಎಂದರು.

"ತಂದಿದ್ದೀವಿ ಅಂಕಲ್. ಆಂಟಿ ಇದ್ದಾರಾ?"

ಸಾಹೇಬರು ಕಾಲರ್ ಸಡಿಲಿಸಿದರು. ಆಮೇಲೆ ಹಜಾರದಲ್ಲಿ ಮೂರು ಕುರ್ಚಿ ಎಳೆದು ಹಾಕಿದರು.

"ಕೂತ್ಕೊಳ್ಳಿ. ಅವರು ಕರೆದಾಗ ಒಬ್ಬೊಬ್ಬರನ್ನೇ ಕಳಿಸ್ತೀನಿ."