ಮೂರು ಗುಂಡಿಗಳ ಜಗಳ

ಮನುಷ್ಯ ತನ್ನ ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿ ನೋಡಿ ಹೇಗೋ ಒಗ್ಗಿಕೊಂಡಿರುತ್ತಾನೆ. ದನಿಯ ವಿಷಯ ಹಾಗಲ್ಲ. ಮೊದಲ ಸಲ ತನ್ನ ದನಿಯನ್ನು ಟೇಪಿನಲ್ಲಿ ಕೇಳಿ ‘ಹೌದು, ಇದು ನಾನೇ’ ಎಂದು ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. ಎಲ್ಲರೂ ಯಂತ್ರವನ್ನು ಬೈಯುತ್ತಾರೆ. ಯಂತ್ರ ತಲೆ ತಗ್ಗಿಸುವುದಿಲ್ಲವಾದ್ದರಿಂದ ಅದರ ಪಕ್ಕ ಕುಳಿತವನನ್ನು ಬೈಯುತ್ತಾರೆ. ಎಂಬತ್ತರ ದಶಕದ ನಡುವೆ ಹಾಗೆ ಪಕ್ಕ ಕುಳಿತವನು ನಾನು.

ಆಗ ನಾನೊಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಕೊಲ್ಲಿ ದೇಶದಲ್ಲಿದ್ದ ನನ್ನ ಭಾವಮೈದುನ ರಜೆಗೆ ಬಂದಾಗ ಒಂದು ವಿಚಿತ್ರ ಟೇಪ್ ರೆಕಾರ್ಡರ್ ತಂದುಕೊಟ್ಟ. ಅದರಲ್ಲಿ ನಾಲ್ಕು ಮಂದಿಯ ದನಿಯನ್ನು ಬೇರೆ ಬೇರೆಯಾಗಿ ಹಿಡಿದಿಟ್ಟು, ಆಮೇಲೆ ಪಲ್ಯಕ್ಕೆ ಉಪ್ಪು ಖಾರ ಹಾಕಿದ ಹಾಗೆ ಹದ ನೋಡಿ ಬೆರೆಸಬಹುದಿತ್ತು. ಒಬ್ಬೊಬ್ಬರ ದನಿ ಏರಿಸಿ ಇಳಿಸಲು ಒಂದೊಂದು ಗುಂಡಿ. ನಾಲ್ಕನೆಯದು ವಿಮಾನದಲ್ಲೇ ಪ್ರಾಣ ಬಿಟ್ಟಿತ್ತು, ಮೂರು ಉಳಿದಿದ್ದವು. ಹಿಂದವಾಡಿಯ ನಮ್ಮ ಮನೆಯ ಹಿಂದಿನ ಕೋಣೆಯನ್ನು ನಾನು ಅಂದೇ ಸ್ಟುಡಿಯೋ ಎಂದು ಘೋಷಿಸಿದೆ. ದನಿ ಗೋಡೆಗೆ ಬಡಿದು ಮರಳಬಾರದೆಂದು ಮನೆಯಲ್ಲಿದ್ದ ಏಳೂ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದೆ. ನನ್ನ ಹೆಂಡತಿ ಸರೋಜಿನಿ ಬಾಗಿಲಲ್ಲಿ ನಿಂತು, “ಗ್ವಾಡಿಗೆ ಭಾಳ ಥಂಡಿ ಆಗೇತೇನ್ರಿ?” ಎಂದು ಕೇಳಿದಳು. ನಾನು ಬಾಯಲ್ಲಿದ್ದ ಮೊಳೆಯನ್ನು ತೆಗೆದು ಏಳನೆಯ ಕೌದಿಗೆ ಹೊಡೆದೆ.

ಯಂತ್ರಕ್ಕೆ ಸರಿಯಾಗಿ ಮೂವರು ನನಗೆ ಗೊತ್ತಿದ್ದರು. ಖಾನಾಪುರದಲ್ಲಿ ನನ್ನ ಅಕ್ಕ ಶಾಂತಕ್ಕ ಹಾಡುತ್ತಿದ್ದಳು. ಅವಳ ಸೋಬಾನೆ ಇಲ್ಲದೆ ಆ ಓಣಿಯಲ್ಲಿ ಮದುವೆ ಮುಗಿಯುತ್ತಿರಲಿಲ್ಲ. ಅವಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು ಮರಾಠಿ ಶಾಲೆಯಿಂದ ನಿವೃತ್ತರಾದ ಗಜಾನನ ಮಾಸ್ತರರು. ತಬಲಾ ಹುಸೇನಸಾಬರದು, ಅವರಿಗೆ ಹಂಚಿನ ವ್ಯಾಪಾರ. ಇಪ್ಪತ್ತು ವರ್ಷಗಳಿಂದ ಪ್ರತಿ ಸೋಮವಾರ ಸಂಜೆ ಅಕ್ಕನ ಪಡಸಾಲೆಯಲ್ಲಿ ಮೂವರೂ ಕೂಡುತ್ತಿದ್ದರು. ಒಂದು ದಿನವೂ ಅವರ ನಡುವೆ ಮಾತಿಗೆ ಮಾತು ಬೆಳೆದದ್ದಿಲ್ಲ. ನಿಮ್ಮದೊಂದು ಕ್ಯಾಸೆಟ್ ಮಾಡುತ್ತೇನೆ, ಬನ್ನಿ ಎಂದು ಕರೆದವನು ನಾನೇ.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದರು. ದಾರಿಯ ದೇಸೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಹುಸೇನಸಾಬರ ತೊಡೆಯ ಮೇಲೆ ತಬಲಾ ಕಟ್ಟಿಟ್ಟ ಬಟ್ಟೆಗಂಟನ್ನು ಮುಟ್ಟಿ, ಕುಂಬಳಕಾಯಿ ಹೇಗೆ ಕೊಟ್ಟಿರಿ ಎಂದು ಕೇಳಿದ್ದಳಂತೆ. ಅದನ್ನೇ ಹೇಳಿ ಹೇಳಿ ನಗುತ್ತ ಮೂವರೂ ಕೌದಿಗಳ ನಡುವೆ ಬೆವರುತ್ತ ಹಾಡಿದರು, ಬಾರಿಸಿದರು, ನಗುತ್ತಲೇ ಮರಳಿದರು.

ಮುಂದಿನ ಒಂದು ವಾರ ನಾನು ಕಿವಿಗೆ ಹೆಡ್‌ಫೋನ್ ಏರಿಸಿ ಗುಂಡಿಗಳನ್ನು ಕೂದಲೆಳೆಯಷ್ಟು ಏರಿಸಿ, ಕೂದಲೆಳೆಯಷ್ಟು ಇಳಿಸಿ, ಊಟಕ್ಕೆ ಕರೆದರೆ “ತಬಲಾ ಸ್ವಲ್ಪ ಜಾಸ್ತಿ ಆಯಿತು” ಎನ್ನುತ್ತ, ಕೊನೆಗೆ ನ್ಯಾಯಾಧೀಶನೂ ತಲೆದೂಗುವಂಥ ಸಮತೂಕ ಸಾಧಿಸಿದೆ. ಕೇಳಿಸಲು ಮೂವರನ್ನೂ ಮತ್ತೆ ಕರೆಸಿದೆ. ಹಾಡು ಮುಗಿಯಿತು.

“ಎಲ್ಲಾ ಛಲೋ ಐತ್ರಿ,” ಎಂದರು ಹುಸೇನಸಾಬರು. “ತಬಲಾ ಒಂದು ಬಾಜಾರಕ ಹೋದಂಗ ಐತಿ.”

“ತಬಲಾ ಇರಲಿ,” ಎಂದರು ಮಾಸ್ತರರು. “ಅವತ್ತು ನಾ ಬಂದಿದ್ನೋ ಇಲ್ಲೋ ಅಂತ ನನಗ ಸಂಶೇ ಬರಾಕತ್ತೇತಿ.”

ಶಾಂತಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು. “ನೀವಿಬ್ಬರೂ ಅಂಗಳದಾಗರ ಅದೀರಿ. ನನ್ನ ದನಿ ಬಾವ್ಯಾಗಿಂದ ಬರಾಕತ್ತದ.”

ತಬಲಾ ಏರಿಸಿದೆ, ಅಕ್ಕನ ಮುಖ ಇಳಿಯಿತು. ಅಕ್ಕನನ್ನು ಏರಿಸಿದೆ, ಮಾಸ್ತರರು ಕೋಟಿನ ಗುಂಡಿ ಹಾಕಿಕೊಂಡರು. ಮಾಸ್ತರರನ್ನು ಏರಿಸಿದರೆ ಹುಸೇನಸಾಬರು ಎದ್ದು ಚಪ್ಪಲಿ ಹುಡುಕಿದರು. ಮೂವರೂ ಮೂರು ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋದರು. ಮುಂದಿನ ವಾರ ಅಕ್ಕನ ಕಾರ್ಡು ಬಂತು. ಸೋಮವಾರ ಚಾಪೆ ಹಾಸಿ ಕುಳಿತಿದ್ದೆ, ಯಾರೂ ಬರಲಿಲ್ಲ ಎಂದಷ್ಟೇ ಬರೆದಿದ್ದಳು. ಆ ಒಂದು ಸಾಲು ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಇಪ್ಪತ್ತು ವರ್ಷದ ಸ್ನೇಹವನ್ನು ಒಂದು ವಾರದ ಕೆಲಸದಲ್ಲಿ ಕೆಡಿಸಿದ್ದೆ.

ಮೂರನೆಯ ದಿನ, ಪ್ರಯೋಗಾಲಯದಲ್ಲಿ ಮಸೂರ ಒರೆಸುತ್ತಿದ್ದಾಗ ಹೊಳೆಯಿತು. ತಬಲಾ ಹುಸೇನಸಾಬರ ಮಡಿಲಲ್ಲೇ ಇರುತ್ತದೆ, ಪೇಟಿ ಮಾಸ್ತರರ ಎದೆಗೇ ಆತುಕೊಂಡಿರುತ್ತದೆ, ಅಕ್ಕನ ದನಿ ಅಕ್ಕನ ತಲೆಯೊಳಗೇ ಮೊಳಗುತ್ತದೆ. ಇಷ್ಟು ವರ್ಷ ಒಬ್ಬೊಬ್ಬರೂ ತಮ್ಮನ್ನೇ ಜೋರಾಗಿ ಕೇಳಿಕೊಂಡು ಸುಖವಾಗಿದ್ದರು. ಸರಿ, ಮೂರು ಕ್ಯಾಸೆಟ್ ಮಾಡಿದೆ. ಒಂದರಲ್ಲಿ ತಬಲಾ ಮುಂದೆ, ಒಂದರಲ್ಲಿ ಪೇಟಿ, ಒಂದರಲ್ಲಿ ಅಕ್ಕ. ಖಾನಾಪುರಕ್ಕೆ ಹೋಗಿ, ಬೇರೆ ಬೇರೆ ಮನೆಯಲ್ಲಿ, ‘ಇದೇ ಕೊನೆಯದು’ ಎಂದು ಹೇಳಿ ಕೊಟ್ಟುಬಂದೆ. ಮೂವರೂ ಮೆಚ್ಚಿದರು. ಸೋಮವಾರದ ಹಾಡು ಮತ್ತೆ ಶುರುವಾಯಿತು. ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದಾಡಿದೆ.

ಹದಿನೈದು ದಿನಕ್ಕೆ ಹುಸೇನಸಾಬರ ಟೇಪ್ ರೆಕಾರ್ಡರ್ ಅವರ ಕ್ಯಾಸೆಟ್ಟನ್ನು ಶಾವಿಗೆಯಂತೆ ತಿಂದುಹಾಕಿತು. ಅವರು ಮಾಸ್ತರರದನ್ನು ಕೇಳಿ ತಂದು ಹಚ್ಚಿದರೆ ಅದರಲ್ಲಿ ಪೇಟಿಯೇ ಮುಂದಿತ್ತು. ಆ ಭಾನುವಾರ ಬೆಳಿಗ್ಗೆ ಮೂವರೂ ಒಂದೇ ರಿಕ್ಷಾದಲ್ಲಿ ನಮ್ಮ ಮನೆ ಮುಂದೆ ಇಳಿದರು. ಉಳಿದ ಎರಡು ಕ್ಯಾಸೆಟ್ಟನ್ನೂ ಶಾವಿಗೆಯ ಮುದ್ದೆಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು.

“ತಮ್ಮಾ, ನಮ್ಮನ್ನ ಮೂರು ಪಾಲು ಮಾಡಿದ್ಯಲ್ಲೋ,” ಎಂದಳು ಅಕ್ಕ.

ನಾನು ಮಡಿಲು, ಎದೆ, ತಲೆಯೊಳಗೆ ಎಂದೇನೋ ಶಾಸ್ತ್ರ ಹೇಳಹೊರಟೆ. ಅವಲಕ್ಕಿ ತಂದಿಟ್ಟ ಸರೋಜಿನಿ, “ಇವರನ್ನ ಬಾಜು ಸರಸ್ರಿ,” ಎಂದಳು. “ಗುಂಡಿ ನೀವ ಹಿಡೀರಿ. ಆದ್ರ ಯಾರೂ ತಮ್ಮದು ಹಿಡೀಬ್ಯಾಡ್ರಿ.”

ಹಾಗೆಯೇ ಆಯಿತು. ಅಕ್ಕ ತಬಲಾದ ಗುಂಡಿ ಹಿಡಿದಳು, ಹುಸೇನಸಾಬರು ಪೇಟಿಯದು, ಮಾಸ್ತರರು ಅಕ್ಕನದು. ಹಾಡು ಶುರುವಾದೊಡನೆ ಹುಸೇನಸಾಬರು ಪೇಟಿಯನ್ನು ಒಂದಿಷ್ಟು ಏರಿಸಿ, “ಮಾಸ್ತರ ಬೆರಳು ಈಗ ಕೇಳಸಾಕತ್ತಾವ ನೋಡ್ರಿ,” ಎಂದರು. ಮಾಸ್ತರರಿಗೆ ನಾಚಿಕೆಯಾಯಿತು. “ಅಕ್ಕಾವರ ದನಿ ಕೆಳಗ ಉಳೀಬಾರದು,” ಎಂದು ಅವಳದನ್ನು ಏರಿಸಿದರು. ಅಕ್ಕ ಬಿಟ್ಟಾಳೆಯೇ? ತಬಲಾ ಏರಿತು. ಸಂಕೋಚಕ್ಕೆ ಸಂಕೋಚ, ಮರ್ಯಾದೆಗೆ ಮರ್ಯಾದೆ. ಮೂರೂ ಗುಂಡಿ ಕೊನೆ ಮುಟ್ಟಿ ಇನ್ನು ತಿರುಗಲೊಲ್ಲೆವು ಎಂದವು. ಯಂತ್ರದಲ್ಲಿ ದನಿಯ ಅಳತೆ ತೋರಿಸುವ ಸೂಜಿ ಕೆಂಪಿನಲ್ಲಿ ಅಡ್ಡಬಿದ್ದು ಏಳಲಿಲ್ಲ. ಕೌದಿಗಳು ನಡುಗಿದವು. ಸೇತುವೆಯ ಮೇಲೆ ರೈಲು ಹೋದಂಥ ಆ ಅಬ್ಬರದಲ್ಲಿ ಮೂವರೂ ಒಬ್ಬರ ಭುಜ ಒಬ್ಬರು ಬಡಿಯುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ದನಿ ಒಡೆಯುತ್ತಿದೆ, ಇದು ತಪ್ಪು ಎಂದು ನಾನು ಕಿವಿಯ ಬಳಿ ಹೋಗಿ ಹೇಳಿದೆ.

“ನೀವು ಹೊರಗ ಕುಂದರ್ರಿ ಸಾಹೇಬ್ರ,” ಎಂದರು ಹುಸೇನಸಾಬರು.

ಹೊರಗೆ ಕುಳಿತು ಅವಲಕ್ಕಿ ತಿಂದೆ. ಆ ಒಡಕು ದನಿಯ ಕ್ಯಾಸೆಟ್ಟೇ ಖಾಯಂ ಆಯಿತು. ಖಾನಾಪುರದ ಬಂಧುಬಳಗಕ್ಕೆ ಹಂಚಲು ಮೂವತ್ತು ಪ್ರತಿ ಮಾಡಿ, ಲೇಬಲ್ ಬರೆದು, ನಾನೇ ಅಕ್ಕನ ಪಡಸಾಲೆಗೆ ಒಯ್ದೆ. ಸರೋಜಿನಿಯೂ ಜೊತೆಗೆ ಬಂದಿದ್ದಳು. ಅಂದು ಸೋಮವಾರ, ಮೂವರೂ ಇದ್ದರು. ಅಕ್ಕ ಚಾಳೀಸು ಕನ್ನಡಕ ಏರಿಸಿ ಒಂದನ್ನು ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಮಾಸ್ತರರಿಗೆ ದಾಟಿಸಿದಳು, ಅವರು ಹುಸೇನಸಾಬರಿಗೆ.

“ನಮ್ಮ ಮೂರೂ ಮಂದಿ ಹೆಸರು ಒಂದು ಸಾಲಿನ್ಯಾಗ ಇರಿವಿ ಹಂಗ ಹೊಂಟಾವ,” ಎಂದಳು ಅಕ್ಕ. “ಕೆಳಗ ‘ಧ್ವನಿ ಮಿಶ್ರಣ’ ಅಂತ ನಿನ್ನ ಹೆಸರೊಂದ ಯಾಕೋ ಇಷ್ಟು ಜೋರ ಕೇಳಸ್ತದ?”

ಪೆನ್ನು ದಪ್ಪ ಇತ್ತು ಎಂದೆ. ಸರೋಜಿನಿ ತನ್ನ ಚೀಲದಿಂದ ತೆಳ್ಳನೆಯ ಪೆನ್ನೊಂದನ್ನು ತೆಗೆದು ಕೊಟ್ಟಳು. ಅವರು ಹಾಡುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಮೂವತ್ತೂ ಲೇಬಲ್ಲುಗಳನ್ನು ಎಲ್ಲರದೂ ಒಂದೇ ಅಳತೆಯಲ್ಲಿ ಮತ್ತೆ ಬರೆದೆ. ಕೊನೆಯದರಲ್ಲಿ ಮಾತ್ರ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹೆಸರು ಬಂದಾಗ ಪೆನ್ನನ್ನು ಒಂದಿಷ್ಟು ಒತ್ತಿ ಬರೆದೆ.